ಡಾಕ್ಟರು ಕೊಡದ ಮಾತ್ರೆ

ಸಾಗರದ ಮಂಡಿಯಲ್ಲಿ ಅಡಿಕೆ ಆರಿಸುವ ದುಗ್ಗಮ್ಮನಿಗೆ ಅನುಮಾನ ಹುಟ್ಟುಗುಣ. ಮೀನು ಕೊಂಡರೆ ಕಿವಿರು ಎತ್ತಿ ಎರಡು ಸಲ ಮೂಸುತ್ತಾಳೆ. ಹೆಣ್ಣು ನೋಡಲು ಬಂದ ಬೆಳ್ಳಪ್ಪ ಹೇಳಿದ ವಯಸ್ಸು ನಿಜವೋ ಸುಳ್ಳೋ ಅಂತ ಅವನ ಶಾಲೆಯ ಮೇಷ್ಟ್ರ ಹತ್ತಿರ ವಿಚಾರಿಸಿಯೇ ಮದುವೆಗೆ ಒಪ್ಪಿದ ಗಟ್ಟಿಗಿತ್ತಿ. ಹಾಗಂತ ಕೆಟ್ಟವಳಲ್ಲ ಮಾರಾಯ್ರೆ. ಹುಳುಕು ಅಡಿಕೆ ಒಂದೇ ಒಂದೂ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಅದೇ ಕಣ್ಣನ್ನು ಮನುಷ್ಯರ ಮೇಲೂ ಇಟ್ಟಳು, ಅಷ್ಟೇ.

ವರ್ಷಗಳು ಕಳೆದ ಮೇಲೆ ಬೆಳ್ಳಪ್ಪ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ. ಆರು ದಿನ ಐಸಿಯು, ಆಮೇಲೆ ಮೂಗಿಗೆ ಆಕ್ಸಿಜನ್ ಪೈಪಿನ ಸಮೇತ ವಾರ್ಡು. ಎದೆಬಡಿತ ಏರುಪೇರಾಗಿತ್ತೆಂದು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದ್ದರು. ರಿಪೋರ್ಟಿನಲ್ಲಿ ಟಿ3 ಅನ್ನೋ ಥೈರಾಯ್ಡ್ ಹಾರ್ಮೋನು ಕಮ್ಮಿ ಅಂತ ಬಂತು.

ಸುಚಿತ್ರಾ ಡಾಕ್ಟರು ತಾಳ್ಮೆಯಿಂದಲೇ ಬಿಡಿಸಿ ಹೇಳಿದರು. ಈ ಕಮ್ಮಿಯಲ್ಲಿ ಎರಡು ಜಾತಿ. ಒಂದರಲ್ಲಿ ಗ್ರಂಥಿಯೇ ಕೆಟ್ಟಿರುತ್ತದೆ, ಅದನ್ನು ದುಡಿಸುವ ಹಾರ್ಮೋನು ಟಿಎಸ್‌ಎಚ್ ಏರಿರುತ್ತದೆ, ಮಾತ್ರೆ ಬೇಕು. ಇನ್ನೊಂದರಲ್ಲಿ ಗ್ರಂಥಿ ಸರಿಯಾಗೇ ಇರುತ್ತದೆ. ಮೈಗೆ ಜೋರು ಕಾಯಿಲೆ ಬಂದಾಗ ಟಿ3 ಇಳಿಯುತ್ತದೆ, ಇನ್ನೂ ಜೋರಾದರೆ ಅದರ ಜೊತೆಯ ಟಿ4 ಕೂಡ. ಬೆಳ್ಳಪ್ಪನದು ಎರಡನೆಯ ಜಾತಿ, ಅದರಲ್ಲೂ ಮೊದಲ ಮೆಟ್ಟಿಲು. ಮಾತ್ರೆ ಕೊಟ್ಟರೆ ಹೃದಯಕ್ಕೆ ಹೊರೆಯಾದೀತು, ಗುಣವಾಗಿ ಎರಡು ತಿಂಗಳ ಮೇಲೆ ಮತ್ತೆ ನೋಡೋಣ ಅಂದರು.

ಜಾತಿ ವಿಂಗಡಿಸುವುದನ್ನು ದುಗ್ಗಮ್ಮನಿಗೆ ಹೇಳಿಕೊಡಬೇಕೇ? ಮಾತು ಅರ್ಥವಾಯಿತು, ನಂಬಿಕೆ ಮಾತ್ರ ಬರಲಿಲ್ಲ. ಕಮ್ಮಿ ಅಂತಾರೆ, ಥೈರಾಯ್ಡ್ ರೋಗ ಅಲ್ಲ ಅಂತಾರೆ, ಔಷಧಿ ಬೇಡ ಅಂತಾರೆ. ಇವನು ಉಳಿಯಲ್ಲ ಅಂತ ಕೈಬಿಟ್ಟಿರಬೇಕು, ಇಲ್ಲದಿದ್ದರೆ ಇರುವ ಔಷಧಿ ಯಾಕೆ ಕೊಡಲ್ಲ? ಅವಳಿಗೆ ಭಯ ಹತ್ತಿತು. ಪಕ್ಕದ ಮನೆಯ ಕುಮುದಾ ಹನ್ನೆರಡು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುವವಳು. ಅವಳನ್ನು ಕಾಡಿ ಬೇಡಿ ಒಂದಷ್ಟು ಮಾತ್ರೆ ತಂದು ಸೆರಗಿಗೆ ಗಂಟು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ನರ್ಸ್ ಆಚೆ ಹೋದದ್ದೇ ತಡ, ಎರಡು ಮಾತ್ರೆ ಪುಡಿ ಮಾಡಿ ಗಂಜಿಗೆ ಕಲಸಿದಳು. ಬೆಳ್ಳಪ್ಪ ಪಾಪ, ಕಣ್ಣು ಮುಚ್ಚಿಕೊಂಡೇ ಇದ್ದ. ಚಮಚ ಬಾಯಿ ಹತ್ತಿರ ಒಯ್ದಳು.

"ಸ್ವಲ್ಪ ಕಹಿ ಇರಬೋದು," ಅಂದಳು.

"ನೀ ಕೊಡ್ತಿರದಲ್ವನೆ," ಅಂತ ಅವನು ಬಾಯಿ ತೆರೆದ.

ಎಂತದು, ಯಾಕೆ ಕಹಿ, ಒಂದೂ ಕೇಳಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಕೇಳಿದವನಲ್ಲ. ದುಗ್ಗಮ್ಮ ಚಮಚವನ್ನು ಹಿಂದಕ್ಕೆ ತೆಗೆದಳು. ಡಾಕ್ಟರು ಏನೋ ಮುಚ್ಚಿಡ್ತಿದಾರೆ ಅಂತ ನಿದ್ದೆಗೆಟ್ಟವಳು, ಕಟ್ಟಿಕೊಂಡ ಗಂಡನಿಗೇ ಮುಚ್ಚಿಟ್ಟು ತಿನ್ನಿಸಲು ಹೊರಟಿದ್ದಳಲ್ಲ! ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು. ಗಂಜಿಯನ್ನು ಬಚ್ಚಲಿಗೆ ಚೆಲ್ಲಿ, ಸೀದಾ ಸುಚಿತ್ರಾ ಡಾಕ್ಟರ ಕೋಣೆಗೆ ಹೋಗಿ, ಉಳಿದ ಮಾತ್ರೆಗಳನ್ನು ಮೇಜಿನ ಮೇಲೆ ಇಟ್ಟಳು.

"ಇದ್ನ ನೀವೇ ಇಟ್ಕಳಿ ಮೇಡಂ," ಅಂದಳು. "ನಿಮ್ಮ ಮೇಲಿನ ಅನುಮಾನ ಇನ್ನೂ ಹೋಗಿಲ್ಲ. ಆದ್ರೆ ಈಗ ನನ್ನ ಮೇಲೆ ಅದಕ್ಕಿಂತ ಜಾಸ್ತಿ ಬಂದಿದೆ."