ನೀಲಿ ಬೆಳಕಿಗೆ ಅಡ್ಡ ಬಂದ ಭಂಡಾರ

ಹೊಸಪೇಟೆಯ ಚರ್ಮದ ಕ್ಲಿನಿಕ್ಕೊಂದರಲ್ಲಿ ಮೊಡವೆಗೆ ನೀಲಿ ಬೆಳಕು ಹಿಡಿಯುವುದು ಸುಮಲತಾಳ ಒಂಬತ್ತು ವರ್ಷದ ಕೆಲಸ. ಸಂಡೂರಿನ ಸ್ಫೂರ್ತಿಗೆ ಆರು ಸಲ ಹಿಡಿದರೂ ಮೊಡವೆ ಜಗ್ಗಲಿಲ್ಲ. ಏಳನೆಯ ಸಲ ಅನುಮಾನ ಬಂದು, ಒದ್ದೆ ಹತ್ತಿಯಿಂದ ಹುಡುಗಿಯ ಮುಖ ಒರೆಸಿದಳು. ಹತ್ತಿ ಹಳದಿಯಾಯಿತು.

“ಹುಲಿಗೆಮ್ಮನ ಗುಡಿ ಭಂಡಾರ್ರೀ,” ಎಂದಳು ಸ್ಫೂರ್ತಿ. “ಅವ್ವ ದಿನಾ ಹಚ್ತಾಳ. ತೊಳಿಬ್ಯಾಡ ಅಂದಾಳ.”

“ಅರಿಸಿನ ಇದ್ರ ಈ ಬೆಳಕು ಒಳಗ ಇಳಿಯಂಗಿಲ್ಲವ್ವ. ಮೊದಲ ಒರಸಿ ನೋಡಬೇಕಿತ್ತು, ನಂದ ತಪ್ಪು.”

ಹೊರಗೆ ಬೆಂಚಿನ ಮೇಲೆ ಆ ತಾಯಿ ಕಣ್ಣು ಮುಚ್ಚಿ, ಕೈಮುಗಿದು ಕುಳಿತಿದ್ದಳು. ಸುಮಲತಾ ಹುಡುಗಿಯ ಮುಖ ತೊಳೆಸಿ ಇಪ್ಪತ್ತು ನಿಮಿಷ ಬೆಳಕು ಹಿಡಿದಳು. ಆಮೇಲೆ ದೇವರ ಪಟದ ಮುಂದಿನ ಬಟ್ಟಲಿನಿಂದ ಚಿಟಿಕೆ ಅರಿಸಿನ ತೆಗೆದು, ತಾಯಿಗೆ ಕಾಣುವಂತೆ ಹುಡುಗಿಯ ಹಣೆಗೆ ಹಚ್ಚಿ ಕಳಿಸಿದಳು.