ಖಾರವಿಲ್ಲದ ಭಂಗಿ

ಬ್ಯಾಡಗಿಯ ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸುವ ದೇವವ್ವನ ಪಾಡು ಹಗೆಗೂ ಬೇಡ. ಮಗಳು ಕಾವ್ಯಾಗೆ ಏಳು ವರ್ಷ, ಕೂಸಿದ್ದಾಗಿನಿಂದ ಫಿಟ್ಸ್. ಪಕ್ಕದ ಗೋಣಿಚೀಲದ ಮೇಲೆ ಮಗು ಸೆಟೆದುಕೊಂಡರೂ ಹೆತ್ತವಳು ಮುಟ್ಟುವಂತಿಲ್ಲ. ದಿನವಿಡೀ ತೊಟ್ಟು ಮುರಿದರೆ ಬ್ಯಾಡಗಿ ಕಾಯಿಯೂ ಕೈಗೆ ಉರಿ ಹತ್ತಿಸುತ್ತದೆ, ನೀರಲ್ಲಿ ತೊಳೆದರೂ ಹೋಗದು. ಮಗುವಿನ ಕಣ್ಣಿಗೆ, ಬಾಯಿಗೆ ತಾಗೀತೆಂದು ಎರಡೂ ಕೈ ಮೇಲೆತ್ತಿ ಕೂರುತ್ತಾಳೆ. ಚೀಲ ಹೊಲಿಯುವ ಮಹಮೂದಾಬೇಗಂ ಓಡಿಬಂದು ಮಗುವನ್ನು ಮಗ್ಗುಲಾಗಿಸಬೇಕು.

ಯಾವ ಗುಳಿಗೆಗೂ ಫಿಟ್ಸ್ ಬಗ್ಗಲಿಲ್ಲ. ರಾಣೆಬೆನ್ನೂರಿನ ಡಾಕ್ಟರು ವಿಜಯಮಹಾಂತೇಶ ಒಳ್ಳೆಯವರು, ಬಡವರಿಗೂ ಬಿಡಿಸಿ ಹೇಳುವವರು. ಆ ಒಳ್ಳೆಯತನವೇ ಮುಳುವಾಯಿತು ನೋಡಿ.

"ಇಂಥ ಫಿಟ್ಸಿಗೆ ಭಂಗಿ ಗಿಡದಾಗಿಂದ ಒಂದು ಔಷಧಿ ತಗದಾರ ಯವ್ವಾ. ಎಲ್ಲಾರಿಗೂ ಅಲ್ಲ, ಕೆಲವು ಮಕ್ಕಳಿಗೆ ಕಡಿಮಿ ಆಗ್ಯಾವು," ಎಂದರು.

ದೇವವ್ವ ಹೌಹಾರಿದಳು. "ಭಂಗಿರೀ? ಕೂಸಿಗೆ ಅಮಲು ಏರೂದಿಲ್ಲೇನ್ರಿ?"

"ನಿಮ್ಮ ಮೆಣಸಿನಕಾಯಿ ಇದ್ದಂಗ ತಿಳಕೋ. ಗುಂಟೂರು ಕಾಯಿಗೆ ಖಾರ ಜಾಸ್ತಿ, ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ. ಅಮಲು ಅಂದ್ರ ಖಾರ. ಅದನ್ನ ಬಿಟ್ಟು ಬರೇ ಬಣ್ಣ ತಗದಾರ. ಆದ್ರ ಸದ್ಯ ನಮ್ಮ ಕಡೆ ಸಿಗೂದಿಲ್ಲ."

ಕೊನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ರಾಶಿಯಲ್ಲಿ ಒಂದು ಗುಂಟೂರು ಕಾಯಿ ಬೆರಕೆಯಾದರೂ ನಾಲಿಗೆಗೆ ಹಚ್ಚಿ ಬೇರೆ ಮಾಡುವವಳಿಗೆ ಭಂಗಿ ಆರಿಸುವುದೇನು ಕಷ್ಟ? ಐರಣಿಯ ಅಣ್ಣ ಹೊಳಿಯಪ್ಪ ಎಲ್ಲಿಂದಲೋ ಹಸಿ ಸೊಪ್ಪು ತಂದುಕೊಟ್ಟ. ಮೊದಲು ತಾನೇ ಅಗಿದು ಸಂಜೆಯವರೆಗೆ ಕಾದಳು. ತಲೆ ತಿರುಗಲಿಲ್ಲ. ಖಾರವಿಲ್ಲದ್ದೇ ಸಿಕ್ಕಿತೆಂದು ಹಿಗ್ಗಿ, ಎಣ್ಣೆಯಲ್ಲಿ ಕುದಿಸಿ, ಸೋಸಿ ಮಗಳಿಗೆ ಕುಡಿಸಿದಳು.

ಆಮೇಲೆ ಎಷ್ಟು ಕರೆದರೂ ಕಾವ್ಯಾ ಕಣ್ಣು ತೆರೆಯಲಿಲ್ಲ. ಅದರ ಮೇಲೆ ಬಂದ ಫಿಟ್ಸ್, ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವವರೆಗೂ ಬಿಡಲಿಲ್ಲ.

"ಹಸಿ ಸೊಪ್ಪು ಅಷ್ಟಾಗಿ ಅಮಲು ಏರಿಸೂದಿಲ್ಲ, ಬೆಂಕಿ ತಾಗಿದ್ರ ಏಳತೈತಿ," ಎಂದು ಡಾಕ್ಟರು ತಲೆ ಹಿಡಿದುಕೊಂಡರು. "ನೀ ತಿಂದದ್ದು ಬ್ಯಾರೆ, ಕೂಸಿಗೆ ಕುಡಿಸಿದ್ದು ಬ್ಯಾರೆ. ಇದು ನಾಲಿಗಿಗೆ ತಿಳಿಯೂದಲ್ಲ ಯವ್ವಾ. ಯಂತ್ರದಾಗ ಶೋಧಿಸಿ ತಗೀತಾರ, ಅಳತಿ ನೋಡಿ ಕೊಡತಾರ."

"ಹಂಗಾರ ಆ ಖಾರಿಲ್ಲದ್ದು ಕೊಡ್ರಿ."

"ಸಿಗೂದಿಲ್ಲ ಅಂತ ಅವತ್ತ ಹೇಳಿದ್ನಲ್ಲ."

ದೇವವ್ವನಿಗೆ ಸಿಟ್ಟು ಬರಲಿಲ್ಲ, ಅಳು ಬಂತು. "ಕೈಗೆ ಸಿಗದ್ದನ್ನ ನನಗ್ಯಾಕ ತೋರಿಸಿದ್ರಿ ಸಾಹೇಬ್ರ?"

ಡಾಕ್ಟರು ಹಳೆಯ ಗುಳಿಗೆಯ ಚೀಟಿಯನ್ನೇ ಮತ್ತೆ ಬರೆದುಕೊಟ್ಟರು.

ಮಗಳು ಉಳಿದಳು, ಅಷ್ಟೇ ಪುಣ್ಯ. ಅವೇ ಗುಳಿಗೆ, ಅದೇ ಫಿಟ್ಸ್. ಮೊನ್ನೆ ಸಂತೆಯ ದಿನ ಅಂಗಳದ ತುಂಬ ಕೆಂಪು ರಾಶಿ. ಕಾವ್ಯಾ ಮತ್ತೆ ಸೆಟೆದುಕೊಂಡಳು. ಮಹಮೂದಾಬೇಗಂ ಅಂದು ಕೆಲಸಕ್ಕೆ ಬಂದಿರಲಿಲ್ಲ. ದೇವವ್ವ ಎರಡೂ ಕೈ ಮೇಲೆತ್ತಿಕೊಂಡು, ಮೊಣಕೈಯಿಂದ ಮಗಳನ್ನು ಹೊರಳಿಸಲು ನೋಡಿದಳು, ಆಗಲಿಲ್ಲ.

"ಯಾರಾರ ಬಂದು ನನ್ನ ಕೂಸನ್ನ ಮುಟ್ರಿ," ಎಂದು ಕೂಗುತ್ತಾ ಕೂತಳು.