ಒಂದು ಗುಳಿಗೆಯ ಕಾವು

ಮೊದಲು ಕೇಳಿಸಿದ್ದು ಹಲ್ಲು ಕಡಿಯುವ ಸದ್ದು.

ಭಾನುವಾರ ಮಧ್ಯಾಹ್ನ. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ತಮ್ಮ ಸಿದ್ದು ಗೋಡೆಗೆ ಒರಗಿ ಕುಳಿತಿದ್ದ. ದವಡೆ ಬಿಗಿದಿತ್ತು. ಕಣ್ಣಪಾಪೆಗಳು ಅಗಲವಾಗಿದ್ದವು. ಒರೆಸಿದಷ್ಟೂ ಬೆವರು ಸುರಿಯುತ್ತಿತ್ತು. ಸಂಡೂರಿನ ಗಣಿಯೊಂದರಲ್ಲಿ ಅವನು ಮೆಕ್ಯಾನಿಕ್. ಜೊತೆಗೆ ಕೆಲಸ ಮಾಡುವವನೊಬ್ಬನ ಹುಟ್ಟುಹಬ್ಬವೆಂದು ಬೆಳಿಗ್ಗೆಯೇ ಗೆಳೆಯ ಕಿರಣನ ಜೊತೆ ಕಡ್ಡಿರಾಂಪುರದ ಆಚೆಯ ರೆಸಾರ್ಟಿಗೆ ಹೋಗಿದ್ದ. ಅಲ್ಲಿ ಡಿಜೆ, ಕುಣಿತ. ಈಗ ಕಿರಣನೇ ಅವನನ್ನು ಕರೆತಂದು ಬಾಗಿಲಲ್ಲಿ ನಿಂತಿದ್ದ.

"ಬಿಸಿಲಾಗ ಭಾಳ ಕುಣದಾನ್ರೀ ಅಕ್ಕ. ಮಲಗಿದ್ರ ಸರಿ ಹೋಗ್ತಾನ."

ನಾನು ಹಣೆ ಮುಟ್ಟಿದೆ. ಕೈ ಹಿಂದಕ್ಕೆ ಎಳೆದುಕೊಂಡೆ. ಅಂಥ ಕಾವನ್ನು ಮನುಷ್ಯರ ಮೈಯಲ್ಲಿ ನಾನು ಕಂಡಿರಲಿಲ್ಲ.

"ಅಕ್ಕಾ, ಮೈಯೆಲ್ಲ ಉರಿಯಾಕತ್ತೈತಿ," ಎಂದ ಸಿದ್ದು. ಆಮೇಲೆ ನನ್ನ ಹೆಸರು ಮರೆತವನಂತೆ ನೋಡಿದ.

ಫಿಟ್ಸ್ ಬಂತು.

ಆಸ್ಪತ್ರೆಯಲ್ಲಿ ಅವನನ್ನು ನೇರ ಐಸಿಯುಗೆ ತಳ್ಳಿಕೊಂಡು ಹೋದರು. ಹೊರಗೆ ಬಂದ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಏನು ತಗೊಂಡಿದ್ದಾನೆ?"

ಅವ್ವ ನನಗಿಂತ ಮೊದಲೇ ಬಾಯಿ ತೆರೆದಳು. "ಬಿಸಿಲು ಹೊಡದೈತ್ರೀ. ನಮ್ಮ ಹುಡುಗ ಕುಡಿಯಾಂಗಿಲ್ಲ, ಸೇದಾಂಗಿಲ್ಲ."

ಡಾಕ್ಟರ್ ಒಳಗೆ ಹೋದ ಮೇಲೆ ಅವ್ವ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದಳು. "ಏನರ ಇದ್ರೂ ಬಾಯಿ ಬಿಡಬ್ಯಾಡ ಸವಿತಾ. ಎಮ್ಮಿಗನೂರಿನವರ ಕಿವಿಗೆ ಬಿದ್ರ ನಿನ್ನ ಸಂಬಂಧ ಮುರೀತದ."

ನನ್ನ ಮದುವೆ ಮಾತುಕತೆ ಎಮ್ಮಿಗನೂರಿನ ಮನೆಯೊಂದರ ಜೊತೆ ಹೆಚ್ಚೂಕಡಿಮೆ ನಿಶ್ಚಯವಾಗಿತ್ತು. ಹುಡುಗ ನನಗೂ ಹಿಡಿಸಿದ್ದ. ಅವ್ವನ ಹೆದರಿಕೆ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಐಸಿಯು ಬಾಗಿಲು ತೆರೆದಾಗಲೆಲ್ಲ ಒಳಗಿನ ಮಷಿನ್‌ಗಳ ಕೂಗು ಕೇಳುತ್ತಿತ್ತು. ನಾನು ಎದ್ದು ಕಾರಿಡಾರಿನ ತುದಿಯಲ್ಲಿ ನಿಂತಿದ್ದ ಕಿರಣನ ಹತ್ತಿರ ಹೋದೆ.

"ಏನ್ ತಗೊಂಡಾನ?"

"ಏನಿಲ್ರೀ."

"ಕಿರಣಾ, ಅವ ಸಾಯಾಕತ್ತಾನ."

ಅವನು ನೆಲ ನೋಡಿದ. "ಎಕ್ಸ್ಟಸಿ ಅಂತಾರ್ರೀ, ನಶೆದ್ದು. ಒಂದ ಗುಳಿಗಿ. ಗಂಟಲು ಆರ್ತದ ಅಂತ ಬಾಟಲಿ ಮ್ಯಾಲ ಬಾಟಲಿ ನೀರು ಕುಡದ. ನಾನೂ ಅದನ್ನ ತಗೊಂಡೇನ್ರೀ, ನನಗೇನೂ ಆಗಿಲ್ಲ. ಕೆಲಸ ಹೋಗ್ತದ ಅಕ್ಕ, ಹೇಳಬ್ಯಾಡ್ರೀ."

ನಾನು ಹೋಗಿ ಹೇಳಿದೆ.

ಡಾಕ್ಟರ್ ಬೈಯಲಿಲ್ಲ. "ಈಗಲಾದ್ರೂ ಹೇಳಿದ್ರಲ್ಲ," ಎಂದರು. ಇದು ಜ್ವರವಲ್ಲ, ಗುಳಿಗೆ ದೇಹದ ಕಾವಿನ ಹಿಡಿತವನ್ನೇ ತಪ್ಪಿಸಿದೆ. ಅಳತೆ ಮೀರಿ ನೀರು ಕುಡಿದು ರಕ್ತದ ಸೋಡಿಯಂ ಕುಸಿದಿದೆ, ಫಿಟ್ಸ್ ಅದರಿಂದಲೇ ಎಂದು ವಿವರಿಸಿದರು. ಒಳಗೆ ಮೈತುಂಬ ಐಸ್ ಪ್ಯಾಕ್ ಇಟ್ಟರು. ಉಸಿರಾಟಕ್ಕೆ ವೆಂಟಿಲೇಟರ್. ಮರುದಿನ ಕ್ಯಾಥೆಟರ್ ಚೀಲಕ್ಕೆ ಇಳಿದ ಮೂತ್ರ, ಮಳೆಗಾಲದಲ್ಲಿ ಸಂಡೂರಿನ ರಸ್ತೆ ಬದಿ ಹರಿಯುವ ಅದಿರಿನ ಕೆಂಗಂದು ನೀರಿನ ಬಣ್ಣದಲ್ಲಿತ್ತು. ಸ್ನಾಯುಗಳು ಕರಗಿ ಕಿಡ್ನಿಗೆ ಕಟ್ಟಿಕೊಳ್ಳುತ್ತಿವೆ ಎಂದರು.

ಡಯಾಲಿಸಿಸ್.

ಆ ಪದವನ್ನು ನಾನು ವಯಸ್ಸಾದವರಿಗೆ ಸೇರಿದ್ದೆಂದುಕೊಂಡಿದ್ದೆ. ಮಷಿನ್ ಪಕ್ಕ ಕುಳಿತು ಕೆಂಪು ಪೈಪುಗಳಲ್ಲಿ ತಮ್ಮನ ರಕ್ತ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡುವಾಗ, ಅದೇ ಗುಳಿಗೆ ನುಂಗಿದ ಕಿರಣ ಸಂಡೂರಿನಲ್ಲಿ ಶಿಫ್ಟಿಗೆ ಹೋಗುತ್ತಿದ್ದಾನಲ್ಲ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಯಾಕೆ ಇವನು, ಯಾಕೆ ಅವನಲ್ಲ? ಡಾಕ್ಟರನ್ನೇ ಕೇಳಿದೆ. "ಅದನ್ನ ಮೊದಲೇ ಹೇಳೋಕೆ ಯಾರಿಂದಲೂ ಆಗಲ್ಲ," ಎಂದರು ಡಾಕ್ಟರ್. "ಗುಳಿಗೇಲಿ ಏನು ಬೆರೆಸಿದ್ರೋ, ಎಷ್ಟಿತ್ತೋ, ಅದೂ ಗೊತ್ತಿಲ್ಲ."

ಪೊಲೀಸರು ಬಂದರು, ಕೇಳಿದರು, ಹೋದರು. ಎಮ್ಮಿಗನೂರಿನವರು ಹಣ್ಣು ಹಿಡಿದು ನೋಡಲು ಬಂದರು. ಏನಾಗಿತ್ತೆಂದು ಹುಡುಗನ ತಾಯಿ ಕೇಳಿದಾಗ ಅವ್ವ ಹಣ್ಣಿನ ಚೀಲ ಎತ್ತಿಡಲು ಆಚೆ ತಿರುಗಿದಳು. ನಾನೇ ಹೇಳಿದೆ. ಆಕೆ ನನ್ನ ತಲೆ ಸವರಿ ಎದ್ದರು. ಆಮೇಲೆ ಆ ಮನೆಯಿಂದ ಫೋನ್ ಬರಲಿಲ್ಲ. ಅವ್ವ ಬಹಳ ದಿನ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.

ಸಿದ್ದುವಿನ ಕಿಡ್ನಿ ನಿಧಾನಕ್ಕೆ ಚೇತರಿಸಿಕೊಂಡಿತು. ಡಯಾಲಿಸಿಸ್ ನಿಂತಿತು. ಮನೆಗೆ ಬಂದ. ಆದರೆ ಬಂದವನು ಹೋದವನಾಗಿರಲಿಲ್ಲ. ಸ್ನಾನದ ಮನೆಗೆ ಗೋಡೆ ಹಿಡಿದು ನಡೆಯುತ್ತಿದ್ದ. ಟಿವಿ ಮುಂದೆ ಕುಳಿತು ಕಾರಣವಿಲ್ಲದೆ ಅಳುತ್ತಿದ್ದ. ಒಮ್ಮೆ ಸ್ಪ್ಯಾನರ್ ಕೈಯಲ್ಲಿ ಹಿಡಿದು, ಅದರ ಹೆಸರೇನೆಂದು ನನ್ನನ್ನು ಕೇಳಿದ. ನಾನು ಹೇಳಿದೆ. ಮನೋವೈದ್ಯರು ಮಾತ್ರೆ ಬರೆದಿದ್ದಾರೆ, ಕಾಯಬೇಕು ಎಂದಿದ್ದಾರೆ.

ಮೊನ್ನೆ ಸಂಜೆ ಕಿರಣ ಬಂದಿದ್ದ. ಚಹಾ ಕುಡಿದ. ಹೊರಡುವಾಗ, ಹಂಪಿ ಕಡೆ ಮತ್ತೆ ಪಾರ್ಟಿ ಇದೆಯೆಂದ.

"ಅವತ್ತಿಂದು ಮಾಲ್ ಕೆಟ್ಟಿತ್ತಲೇ. ಈ ಸಲದ್ದು ಚಲೋ ಐತಂತ."

ಸಿದ್ದು ಅಂಗಿಯ ಕಾಲರ್ ಸರಿಸಿದ. ಕುತ್ತಿಗೆಯಲ್ಲಿ ಡಯಾಲಿಸಿಸ್ ಪೈಪ್ ಹಾಕಿದ್ದ ಗಾಯ ಇನ್ನೂ ಕೆಂಪಗಿತ್ತು.

"ಮುಟ್ಟಿ ನೋಡಲೇ."

ಕಿರಣ ಮುಟ್ಟಲಿಲ್ಲ. ನಕ್ಕ. ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದ.

ಸಿದ್ದು ಬಾಗಿಲಲ್ಲೇ ನಿಂತಿದ್ದ. ಗಾಡಿ ಮರೆಯಾದ ಮೇಲೆ ಕೇಳಿದ: "ಅಕ್ಕಾ, ಕಂಪ್ಲಿಯಾಗ ಕಿರಣನ ಅಪ್ಪ ಅದಾನಲ್ಲ, ಅವನ ನಂಬರ್ ನಿನ್ನತ್ರ ಐತೇನು?"

ಇತ್ತು. ಒಳಗಿನಿಂದ ಅವ್ವ ಹೊರಗೆ ಬಂದಳು. ಬ್ಯಾಡ ಅನ್ನುತ್ತಾಳೆಂದುಕೊಂಡೆ. ಅವಳು ಕುರ್ಚಿ ಎಳೆದು ಸಿದ್ದುವಿಗೆ ಕೊಟ್ಟಳು.

"ಕುಂತು ಮಾತಾಡು," ಎಂದಳು. "ಎಲ್ಲಾ ಹೇಳು."